ಟೀಚರಮ್ಮ ಕೂತಾಗ ಮಾತ್ರ ಬರುವ ಸದ್ದು

ಊರಿನ ಕಾರುಗಳೆಲ್ಲ ಒಂದಲ್ಲ ಒಂದು ದಿನ ಕಂಬದಣ್ಣನ ಸುತ್ತ ತಿರುಗಿದವೇ. ಇದು ಹೊಗಳಿಕೆಯ ಮಾತಲ್ಲ, ಕಣ್ಣಾರೆ ಕಾಣುವ ಸಂಗತಿ. ಗ್ಯಾರೇಜಿನ ಹಿಂದಿನ ಖಾಲಿ ಅಂಗಳದ ನಟ್ಟನಡುವೆ ಅವನು ಕೈ ಹಿಂದೆ ಕಟ್ಟಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಾರಿನ ಯಜಮಾನ ಕಾರು ಓಡಿಸುತ್ತ ಅವನ ಸುತ್ತ ಎಡಕ್ಕೆ ಮೂರು, ಬಲಕ್ಕೆ ಮೂರು ಸುತ್ತು ಹಾಕಬೇಕು. ಆರು ಸುತ್ತು ಮುಗಿಯುವಷ್ಟರಲ್ಲಿ ಕಂಬದಣ್ಣ ಒಂದೇ ಒಂದು ಕಣ್ಣು ತೆರೆದು ತೀರ್ಪು ಕೊಡುತ್ತಿದ್ದ. "ಕಟ ಕಟ ಅಂತಿದೆ, ಆಕ್ಸಲಿನ ಜಾಯಿಂಟು." "ಗುಂಯ್ ಅಂತಿದೆ, ಬೇರಿಂಗು." "ಜಲ್ ಜಲ್ ಅಂತಿದೆ, ಹಿಂದಿನ ಸೀಟಿನ ಕೆಳಗೆ ನಿಮ್ಮನೆ ಬೀಗದ ಕೈ ಬಿದ್ದಿದೆ, ಮೊದಲು ಅದನ್ನ ಎತ್ಕೊಳ್ಳಿ." ಏಳನೆಯ ಸುತ್ತಿಗೆ ಅಪ್ಪಣೆಯಾದರೆ ಯಜಮಾನನ ಎದೆ ಧಸಕ್ಕೆನ್ನುತ್ತಿತ್ತು. ಕಾಯಿಲೆ ದೊಡ್ಡದೆಂದೇ ಅರ್ಥ.

ಇಂಥ ಪರೀಕ್ಷೆಯ ಕೀರ್ತಿ ಎಷ್ಟು ಹಬ್ಬಿತ್ತೆಂದರೆ, ಎದುರು ಬೀದಿಯ ಗ್ಯಾರೇಜಿನವನೂ ತನ್ನ ಅಂಗಳದ ನಡುವೆ ನಿಲ್ಲಲು ಶುರುಮಾಡಿದ್ದ. ಅವನಿಗೆ ತಲೆ ಸುತ್ತಿತೇ ಹೊರತು ಕಾಯಿಲೆ ತಿಳಿಯಲಿಲ್ಲ. "ಕಾರಿನೊಳಗೆ ಕೂತರೆ ಸದ್ದು ಮೋಸ ಮಾಡುತ್ತೆ. ಹೊರಗೆ ನಿಂತವನಿಗೇ ನಿಜ ಕೇಳೋದು" ಎಂದು ಕಂಬದಣ್ಣ ಹೇಳಿದ್ದನ್ನು ಒಬ್ಬ ಕಾಲೇಜು ಮೇಷ್ಟ್ರು ಬರೆದುಕೊಂಡು ಹೋಗಿದ್ದರು.

ನಿಜವಾದ ಕಾರಣ ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವನಿಗೆ ಮತ್ತು ಅವನ ಹೆಂಡತಿಗೆ. ಓಡುವ ಕಾರಿನಲ್ಲಿ ಕೂತರೆ ಕಂಬದಣ್ಣನಿಗೆ ವಾಂತಿಯಾಗುತ್ತಿತ್ತು.

ನಿಂತ ಕಾರು ಅವನಿಗೆ ತೊಟ್ಟಿಲಿದ್ದಂತೆ. ಅದರಡಿಯಲ್ಲಿ ಮಲಗಿ ಮಧ್ಯಾಹ್ನದ ನಿದ್ದೆ ತೆಗೆದವನು ಅವನು. ಅದೇ ಕಾರಿಗೆ ಚಲನೆ ಬಂದರೆ ಎರಡನೆಯ ತಿರುವಿಗೆ ಹೊಟ್ಟೆ ತೊಳಸುತ್ತಿತ್ತು, ಮೂರನೆಯದಕ್ಕೆ ಬಾಯಲ್ಲಿ ನೀರೂರುತ್ತಿತ್ತು, ನಾಲ್ಕನೆಯದನ್ನು ವರ್ಣಿಸುವುದು ಸಭ್ಯರಿಗೆ ತರವಲ್ಲ. ಕೆಲಸ ಕಲಿಸಿದ, ಈಗ ತೀರಿಕೊಂಡಿರುವ ಚಿಕ್ಕಪ್ಪ ಒಮ್ಮೆ ಅವನನ್ನು ಕೂರಿಸಿಕೊಂಡು ಒಂದು ಕಾರಿನ ಸದ್ದು ಹಿಡಿಯಲು ಹೋಗಿದ್ದರು. ಮರಳಿ ಬಂದಾಗ ಸದ್ದು ಹಾಗೇ ಇತ್ತು, ಸೀಟಿನ ಹೊದಿಕೆ ಮಾತ್ರ ತೊಳೆಯಲು ಹೋಯಿತು. ಅಂದಿನಿಂದ ಅವನು ಅಂಗಳದ ನಡುವೆ ನಿಂತವನು ಮತ್ತೆ ಕದಲಲಿಲ್ಲ. ವಯಸ್ಸು ಐವತ್ತೆರಡಾಯಿತು. ಮನೆಯಿಂದ ಗ್ಯಾರೇಜಿಗೆ ದಿನವೂ ನಡಿಗೆ. ಆ ನಡಿಗೆಯನ್ನು ಜನ ಸರಳತೆ ಎಂದುಕೊಂಡರು, ನಿಲುವನ್ನು ವಿದ್ಯೆ ಎಂದುಕೊಂಡರು. ಯಾರ ತಿಳುವಳಿಕೆಯನ್ನೂ ತಿದ್ದುವಷ್ಟು ಒರಟ ಅವನಲ್ಲ.

ಆ ಭಾನುವಾರ ಬೆಳಿಗ್ಗೆ ಟ್ಯಾಕ್ಸಿಯವನು ಬಂದ. ಕಡ್ಡಿಯಂಥ ಆಳು, ಬೆಲ್ಟಿಗೆ ತಾನೇ ಮೊಳೆಯಿಂದ ಎರಡು ತೂತು ಹೆಚ್ಚಿಗೆ ಕೊರೆದುಕೊಂಡವನು. ಮುಖ ಸಣ್ಣದಾಗಿತ್ತು.

"ಅಣ್ಣ, ತಿರುಗಿಸುವಾಗ ಟಪ್ ಅಂತ ಒಂದು ಸದ್ದು."

"ಯಾವ ಕಡೆ?"

"ಗೊತ್ತಾಗಲ್ಲ. ನಾನೊಬ್ಬನೇ ಇದ್ರೆ ಬರಲ್ಲ. ಹಿಂದೆ ಮೂರು ಜನ ಕೂತ್ರೂ ಬರಲ್ಲ. ಟೀಚರಮ್ಮ ಕೂತಾಗ ಮಾತ್ರ ಬರುತ್ತೆ."

"ಯಾವ ಟೀಚರಮ್ಮ?"

ಟ್ಯಾಕ್ಸಿಯವನು ಬಾನೆಟ್ಟಿಗೆ ಒರಗಿ ಎಲ್ಲ ಹೇಳಿದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಅವನಿಗೂ ಕಲಿಸಿದವರು, ಒಂಟಿ ಜೀವ. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್: ಮಂಗಳವಾರ, ಗುರುವಾರ, ಶನಿವಾರ. ಏಳು ತಿಂಗಳಿಂದ ಕರೆದುಕೊಂಡು ಹೋಗುತ್ತಿರುವುದು ಇವನೇ. ಕಾಲು ಚಾಚಲು ಜಾಗ ಬೇಕೆಂದು ಅವರು ಮುಂದಿನ ಸೀಟಿನಲ್ಲೇ ಕೂರುತ್ತಾರೆ. ಅವರ ಓಣಿಯಿಂದ ದೊಡ್ಡ ರಸ್ತೆಗೆ ಹತ್ತುವ ತಿರುವಿನಲ್ಲಿ ಟಪ್. ಆಸ್ಪತ್ರೆಯಿಂದ ಮರಳುವಾಗ ಸದ್ದೇ ಇಲ್ಲ.

"ಮೊನ್ನೆ ಟೀಚರಮ್ಮ ಲೆಕ್ಕ ಮಾಡಿಬಿಟ್ರು ಅಣ್ಣ. ಹೋಗುವಾಗ ಮೈಯಲ್ಲಿ ಮೂರು ಕಿಲೋ ನೀರು ತುಂಬ್ಕೊಂಡಿರುತ್ತೆ, ಅದನ್ನ ಅಲ್ಲಿ ತೆಗೀತಾರೆ. ಬರುವಾಗ ಆ ಮೂರು ಕಿಲೋ ಇರಲ್ಲ. ಹೋಗುವಾಗ ಮಾತ್ರ ಸದ್ದು. ಅಂದ್ರೆ ನನ್ನ ಭಾರಕ್ಕೆ ನಿನ್ನ ಕಾರು ಮುರೀತಿದೆ ಅಂದ್ರು. ನಗ್ತಾನೇ ಅಂದ್ರು. ಆದ್ರೆ ನಿನ್ನೆ ಶನಿವಾರ ಬಾಗಿಲು ತೆಗೀಲೇ ಇಲ್ಲ. ಕಿಟಕಿಯಿಂದಾನೇ, ಸಾಕು ಬಿಡಪ್ಪ, ನಿನಗೂ ಭಾರ, ನನಗೂ ಭಾರ, ಅಂತ ಹೇಳಿ ಕಳಿಸಿಬಿಟ್ರು."

"ಬೇರೆ ಕಾರಲ್ಲಿ ಕರ್ಕೊಂಡು ಹೋಗು ಮಾರಾಯ."

"ಕೇಳಿದೆ. ಅದನ್ನೂ ಮುರಿಯೋದಾ ಅಂದ್ರು." ಅವನು ಕಾರಿನ ಕನ್ನಡಿಯನ್ನು ಸುಮ್ಮನೆ ಒರೆಸಿದ. "ಆಸ್ಪತ್ರೆಯವರು ಮಂಗಳವಾರಾನೂ ತಪ್ಪಿಸಿದ್ರೆ ಜೀವಕ್ಕೇ ಅಪಾಯ ಅಂತ ಫೋನ್ ಮಾಡಿದ್ರು. ಸದ್ದು ಹೋದ್ರೆ ಬರ್ತಾರೇನೋ. ಸದ್ದೇ ನೆಪಾನೋ ಏನೋ, ಅದೂ ಗೊತ್ತಿಲ್ಲ."

ಕಂಬದಣ್ಣ ಅಂಗಳದ ನಡುವೆ ಹೋಗಿ ಕಣ್ಣು ಮುಚ್ಚಿ ನಿಂತ.

ಆರು ಸುತ್ತು ಆಯಿತು. ಏಳನೆಯದೂ ಆಯಿತು. ಟೀಚರಮ್ಮನ ಬದಲಿಗೆ ಮುಂದಿನ ಸೀಟಿನ ಮೇಲೆ ನಾಲ್ಕು ಹಳೆ ಬ್ಯಾಟರಿಗಳನ್ನು ಕೂರಿಸಿ, ಗೌರವದಿಂದ ಬೆಲ್ಟು ಬಿಗಿದು, ಮತ್ತೆ ಆರು ಸುತ್ತು. ಒಂದು ಪಾರಿವಾಳದ ಗುಟುರು ಬಿಟ್ಟರೆ ಏನೂ ಕೇಳಲಿಲ್ಲ. ಮೂವತ್ತು ವರ್ಷದ ಕೀರ್ತಿ ಅಂಗಳದ ಧೂಳಿನಲ್ಲಿ ನಿಂತು ತಲೆ ಕೆರೆದುಕೊಂಡಿತು.

ಕೀರ್ತಿ ಇದ್ದವನಿಗೆ "ಗೊತ್ತಿಲ್ಲ" ಎನ್ನುವುದು ಕಷ್ಟ. ಕಾರನ್ನು ಜ್ಯಾಕಿನ ಮೇಲೆ ಎತ್ತಿದ. ಎಡ ಚಕ್ರದ ಒಳಗೆ, ಆಕ್ಸಲಿನ ತುದಿಯಲ್ಲಿರುವ ಜಾಯಿಂಟಿನ ರಬ್ಬರ್ ಹೊದಿಕೆ ಹರಿದಿತ್ತು, ಗ್ರೀಸು ಸುತ್ತಲೂ ಎರಚಿತ್ತು. ಕಂಬದಣ್ಣನ ಮುಖ ಅರಳಿತು. ತಿರುವಿನಲ್ಲಿ ಸದ್ದು ಮಾಡುವವರ ಪಟ್ಟಿಯಲ್ಲಿ ಈ ಜಾಯಿಂಟಿನದೇ ಮೊದಲ ಹೆಸರು. ಹರಿದ ಬಟ್ಟೆ, ಕೊಳೆ ಮೈ, ಹಳೆಯ ಕುಖ್ಯಾತಿ! ವಿಚಾರಣೆಯೇ ಇಲ್ಲದೆ ಅದನ್ನು ಅಪರಾಧಿ ಎಂದು ಸಾರಿ, ಬಿಚ್ಚಿ, ಹೊಸದನ್ನು ಕೂರಿಸಿದ. ಇಂಥ ಜಾಯಿಂಟು ಕೆಟ್ಟರೆ ತಿರುಗುವಷ್ಟು ಹೊತ್ತೂ ಕಟ ಕಟ ಎನ್ನುತ್ತದೆಯೇ ಹೊರತು ಒಂದೇ ಸಲ ಟಪ್ ಎಂದು ಸುಮ್ಮನಾಗುವುದಿಲ್ಲ ಎಂಬುದು ಅವನಿಗೆ ತಿಳಿಯದ ವಿಷಯವಲ್ಲ. ಆ ಹೊತ್ತಿಗೆ ತಿಳಿಯುವುದು ಬೇಡವಾಗಿತ್ತು.

ಸೋಮವಾರ ಹನ್ನೊಂದಕ್ಕೆ ಟ್ಯಾಕ್ಸಿಯವನು ಮರಳಿ ಬಂದ.

"ಕೈಕಾಲು ಹಿಡಿದು, ಆಸ್ಪತ್ರೆಗಲ್ಲ, ಬರೀ ಓಣಿ ತುದಿವರೆಗೆ ಅಂತ ಕೂರಿಸ್ಕೊಂಡೆ ಅಣ್ಣ. ತಿರುವಿನಲ್ಲಿ ಟಪ್. ಟೀಚರಮ್ಮ ನನ್ನ ಮುಖ ನೋಡಿ, ಉತ್ತರ ಸಿಕ್ತಲ್ಲ ಅಂದ್ರು. ಇಳಿದು ನಡ್ಕೊಂಡೇ ಹೋಗಿಬಿಟ್ರು."

ಕಂಬದಣ್ಣ ಏಪ್ರನ್ನು ಬಿಚ್ಚಿ ಟೀಚರಮ್ಮನ ಓಣಿಯ ತುದಿಗೆ ನಡೆದ. ಓಣಿ ತಗ್ಗಿನಲ್ಲಿತ್ತು, ದೊಡ್ಡ ರಸ್ತೆ ಎತ್ತರದಲ್ಲಿತ್ತು. ಏರನ್ನು ಹತ್ತುತ್ತಲೇ ಸ್ಟೀರಿಂಗನ್ನು ಪೂರ್ತಿ ತಿರುಗಿಸಬೇಕು. ಅಂಗಳದ ಚಪ್ಪಟೆ ನೆಲದಲ್ಲಿ ಇಂಥ ತಿರುವು ನೂರು ಸುತ್ತಿಗೂ ಸಿಗುವುದಿಲ್ಲ. ಟ್ಯಾಕ್ಸಿಯವನು ಮುಂದಿನ ಸೀಟಿನಲ್ಲಿ ತರಕಾರಿ ಅಂಗಡಿಯ ಒಬ್ಬ ದಪ್ಪ ಗಿರಾಕಿಯನ್ನು ಕೂರಿಸಿಕೊಂಡು ಮೂರು ಸಲ ಏರು ಹತ್ತಿಸಿದ. ಕಂಬದಣ್ಣ ರಸ್ತೆಯ ಅಂಚಿನಲ್ಲಿ ಕಣ್ಣು ಮುಚ್ಚಿ ನಿಂತ. ಲಾರಿ, ಬಸ್ಸು, ಕಲ್ಲು ಕೊರೆಯುವ ಯಂತ್ರ, ಮತ್ತು ರಸ್ತೆಯಂಚಿಗೆ ಕಣ್ಣು ಮುಚ್ಚಿ ನಿಂತವನಿಗೆ ಬೀಳುವ ಬೈಗುಳ ಇಷ್ಟೂ ಸ್ಪಷ್ಟವಾಗಿ ಕೇಳಿದವು. ಕಾರಿನ ಸದ್ದು ಕೇಳಲಿಲ್ಲ.

"ಬಂತಣ್ಣ! ಕೇಳ್ತಾ?" ಎಂದು ಟ್ಯಾಕ್ಸಿಯವನು ಕಿಟಕಿಯಿಂದ ಕೂಗಿದ.

"ಊಟ ಮಾಡ್ಕೊಂಡು ಬರ್ತೀನಿ" ಎಂದು ಕಂಬದಣ್ಣ ಮನೆಯ ಕಡೆ ನಡೆದ.

ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಶಾಲೆಯ ಸಮವಸ್ತ್ರಗಳ ರಾಶಿ, ಬಾಯಲ್ಲಿ ಗುಂಡುಪಿನ್ನು. ಗಂಡ ಬಾಗಿಲಲ್ಲಿ ನಿಂತ ರೀತಿ ನೋಡಿಯೇ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಅವನು ಹೇಳಿದ, ಅವಳು ಕೇಳಿದಳು.

"ಅಂದ್ರೆ ಒಳಗೆ ಕೂತು ಕೇಳಬೇಕು" ಎಂದಳು.

"ಅದೊಂದೇ ದಾರಿ ಅಂತೇನಿಲ್ಲ."

"ಇನ್ನೊಂದು ಯಾವುದು?"

ಅವನು ನೀರಿನ ಲೋಟವನ್ನು ಸುಮ್ಮನೆ ತಿರುಗಿಸಿದ.

"ಆಕೆ ತನ್ನಿಂದಾನೇ ಕಾರು ಕೆಡ್ತಿದೆ ಅಂತ ಔಷಧಿ ಬಿಟ್ಟು ಕೂತಿದ್ದಾಳೆ" ಎಂದಳು ಹೆಂಡತಿ. "ನೀವು ಸೀಟು ಕೆಡುತ್ತೆ ಅಂತ ಕಾರು ಬಿಟ್ಟು ಕೂತಿದ್ದೀರಿ. ಒಳ್ಳೆ ಜೋಡಿ."

"ಜನ ನೋಡಿದ್ರೆ?"

"ನೋಡ್ಲಿ. ಸಣ್ಣ ಮಕ್ಕಳಿಗೆ ಆಗಲ್ವಾ?"

"ಕಂಬದಣ್ಣ ಅಂತ ಹೆಸರಿಟ್ಟಿದ್ದಾರೆ ಕಣೇ ನನಗೆ."

"ನಾನಲ್ಲ ಇಟ್ಟದ್ದು. ನಾನಿಟ್ಟ ಹೆಸರು ಬೇರೆ ಇದೆ, ಹೇಳ್ಲಾ?" ಅವಳು ಮತ್ತೆ ಯಂತ್ರ ತುಳಿಯತೊಡಗಿದಳು. "ಊಟ ಈಗ ಬೇಡ. ಖಾಲಿ ಹೊಟ್ಟೇಲಿ ಹೋಗಿ. ಇದ್ರೆ ತಾನೇ ಬರೋದು?"

ಹೀಗೆ, ಮೂವತ್ತು ವರ್ಷ ಕದಲದ ಕಂಬ ಖಾಲಿ ಹೊಟ್ಟೆಯಲ್ಲಿ ಯುದ್ಧಕ್ಕೆ ಹೊರಟಿತು.

ಟೀಚರಮ್ಮನ ಮನೆ ಎರಡು ಕೋಣೆಯದು. ಮೇಜಿನ ಮೇಲೆ ಗೆರೆ ಹಾಕಿದ ಒಂದು ಗಾಜಿನ ಲೋಟ, ಗೆರೆಯವರೆಗೆ ಮಾತ್ರ ನೀರು. ದಿನದ ಪಾಲು ಅಷ್ಟೇ. ಅವರ ಪಾದಗಳು ಊದಿ ಚಪ್ಪಲಿಯ ಪಟ್ಟಿಯಿಂದ ಹೊರಗೆ ಉಕ್ಕಿದ್ದವು. ಮೆಟ್ಟಿಲ ಕೆಳಗೇ ನಿಂತ ಕಂಬದಣ್ಣನನ್ನು ಕನ್ನಡಕದ ಮೇಲಿನಿಂದ ನೋಡಿದರು.

"ಕಾರಿನ ಡಾಕ್ಟರೋ?"

"ಹೌದಮ್ಮ. ಒಂದೇ ಒಂದು ಸಲ ನೀವು ಕೂತ್ಕೋಬೇಕು. ನಾನೂ ಕೂರ್ತೀನಿ."

"ನಿನ್ನೆ ಏನೋ ಬದಲಾಯಿಸಿದ್ರಂತೆ?"

"ತಪ್ಪು ಲೆಕ್ಕ ಆಗಿತ್ತಮ್ಮ" ಎಂದ ಕಂಬದಣ್ಣ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಆ ಮಾತು ಅಷ್ಟೇನೂ ದೊಡ್ಡದಾಗಿರಲಿಲ್ಲ.

ಗಣಿತದ ಟೀಚರಿಗೆ ತಪ್ಪು ಒಪ್ಪಿಕೊಂಡ ವಿದ್ಯಾರ್ಥಿ ಅಪರೂಪ. ಅವರು ಬಾಗಿಲಿಗೆ ಬೀಗ ಹಾಕಿ ಬಂದರು.

ಅವರು ಕೂರುವುದನ್ನು ಕಂಬದಣ್ಣ ಹಿಂದಿನ ಸೀಟಿನಿಂದ ನೋಡಿದ. ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದು, ಮೈಯ ಅರ್ಧ ಭಾರವನ್ನು ಅದಕ್ಕೇ ತೂಗಿಹಾಕಿ, ಸೀಟಿನ ಅಂಚಿಗೆ ಮುಟ್ಟಿಯೂ ಮುಟ್ಟದಂತೆ ಕೂತಿದ್ದರು. ಕಾರಿಗೆ ನೋವಾದೀತೆಂದು. ಅವನು ತನ್ನ ಕಡೆಯ ಕಿಟಕಿಯ ಗಾಜು ಇಳಿಸಿಕೊಂಡ. ಹೊಟ್ಟೆ ಇನ್ನೂ ಶುರುಮಾಡಿರಲಿಲ್ಲ.

ಅದು ಓಣಿಯ ಮೊದಲ ತಿರುವಿಗೆ ಶುರುಮಾಡಿತು. ಎರಡನೆಯದಕ್ಕೆ ಕಿವಿಯ ಹಿಂದೆ ತಣ್ಣಗೆ ಬೆವರು. ಪ್ರತಿಷ್ಠೆ, ಕೀರ್ತಿ, ಕಾಲೇಜು ಮೇಷ್ಟ್ರ ಟಿಪ್ಪಣಿ ಎಲ್ಲವೂ ಒಂದೊಂದಾಗಿ ಇಳಿದುಕೊಂಡವು. ಉಳಿದವನು ಹಸಿರು ಮುಖದ ಒಬ್ಬ ಗಂಡಸು.

"ನಿಧಾನ ಕಣೋ" ಎಂದ, ಹಲ್ಲು ಕಚ್ಚಿ.

"ಇದಕ್ಕಿಂತ ನಿಧಾನ ಅಂದ್ರೆ ತಳ್ಳಬೇಕು ಅಣ್ಣ."

ಟೀಚರಮ್ಮ ಹಿಂತಿರುಗಿ ನೋಡಿದರು. ವಾರಕ್ಕೆ ಮೂರು ಸಲ ಹೊಟ್ಟೆ ತೊಳಸಿಕೊಂಡು ಮನೆಗೆ ಮರಳುವವರಿಗೆ ಆ ಮುಖದ ಬಣ್ಣ ಹೊಸದಲ್ಲ. ಏನೂ ಕೇಳದೆ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, ಬಾಯಿ ಬಿಡಿಸಿ ಕೊಟ್ಟರು.

"ತಲೆ ಬಗ್ಗಿಸಿ. ಮಂಡಿ ನಡುವೆ. ಬಾಯಲ್ಲಿ ಉಸಿರು ತಗೊಳ್ಳಿ. ನಾಚಿಕೆ ಬೇಡ, ನನ್ನ ಹತ್ರ ಇನ್ನೂ ಆರಿವೆ."

ಕಂಬದಣ್ಣ ತಲೆ ಬಗ್ಗಿಸಿದ. ಜೀವಮಾನದಲ್ಲೇ ಮೊದಲ ಸಲ ಅವನ ಕಿವಿ ಓಡುವ ಕಾರಿನ ನೆಲದಿಂದ ಒಂದು ಗೇಣು ದೂರದಲ್ಲಿತ್ತು, ಬೀಳದಂತೆ ಊರಿದ ಅಂಗೈ ನೆಲದ ಮೇಲೇ ಇತ್ತು. ಕಾರು ಏರು ಹತ್ತಿತು. ಟ್ಯಾಕ್ಸಿಯವನು ಸ್ಟೀರಿಂಗನ್ನು ಪೂರ್ತಿ ತಿರುಗಿಸಿದ.

ಟಪ್!

ಮೇಲೆ ಕೂತವರಿಗೆ ಕೇಳಿದ್ದು ಅಷ್ಟೇ. ಕೆಳಗಿದ್ದವನಿಗೆ ಅದರ ಬಾಲವೂ ಕೇಳಿತು. ಟಪ್ಪಿನ ಹಿಂದೆಯೇ ತಂತಿ ಮಿಡಿದಂಥ ಸಣ್ಣ ಝಣಝಣ. ಅಂಗೈಗೆ ಮುಂದಿನ ಎಡಮೂಲೆಯಿಂದ ಒಂದು ಒದೆತ. ಸುರುಳಿಯಾಗಿರುವ ಉಕ್ಕು ಮಾತ್ರ ಹಾಗೆ ಮಿಡಿಯುತ್ತದೆ.

"ಸ್ಪ್ರಿಂಗು!" ಎಂದು ಕಂಬದಣ್ಣ ಕವರಿನೊಳಗೆ ಗರ್ಜಿಸಿದ. "ಎಡಗಡೆ ಸ್ಪ್ರಿಂಗು!"

ಗರ್ಜನೆಯ ನಂತರ ಉಳಿದದ್ದೂ ಆಯಿತು. ಇದ್ದದ್ದು ಬರೀ ನೀರು, ಹೆಂಡತಿಯ ಮುಂದಾಲೋಚನೆಗೆ ಸಾಕ್ಷಿ. ಟ್ಯಾಕ್ಸಿಯವನು ಕಾರನ್ನು ಪಕ್ಕಕ್ಕೆ ಹಾಕಿ, ಹಿಂದಿರುಗಿ, ಬಾಯಿ ತೆರೆದೇ ನೋಡುತ್ತ ಕೂತ. ಮೂವತ್ತು ವರ್ಷದ ವಿದ್ಯೆಯ ಗುಟ್ಟು ಪಾರದರ್ಶಕ ಕವರಿನಲ್ಲಿ ಎಲ್ಲರಿಗೂ ಕಾಣುವಂತಿತ್ತು.

"ಅಣ್ಣ... ಅದಕ್ಕೇನಾ ಅಂಗಳದಲ್ಲಿ..."

"ರಸ್ತೆ ನೋಡೋ" ಎಂದರು ಟೀಚರಮ್ಮ. ಅವನು ತಕ್ಷಣ ರಸ್ತೆ ನೋಡಿದ. ಆಮೇಲೆ ಅವರ ಭುಜ ಕುಲುಕತೊಡಗಿತು. ಬಹಳ ಹೊತ್ತು ಸದ್ದಿಲ್ಲದೆ ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು. ಕಂಬದಣ್ಣನಿಗೆ ನಾಚಿಕೆಯಾಗಬೇಕಿತ್ತು. ಅವರು ಹಿಡಿಯಿಂದ ಒಂದು ಕೈ ತೆಗೆದಿದ್ದನ್ನು ನೋಡುತ್ತ ಅವನು ನಾಚುವುದನ್ನು ಮರೆತ.

ಮಧ್ಯಾಹ್ನ ಗ್ಯಾರೇಜಿನಲ್ಲಿ, ಎಡ ಚಕ್ರದ ಮೇಲೆ ಕಾರಿನ ಭಾರ ಹೊರುವ ಸ್ಪ್ರಿಂಗನ್ನು ಬಿಚ್ಚಿದ. ಹೊರಗಿನಿಂದ ನೋಡಿದರೆ ಅದು ಇಡಿಯಾಗಿಯೇ ಇತ್ತು. ಕೆಳತುದಿಯ ಸುರುಳಿ, ಅದು ಕೂರುವ ಬಟ್ಟಲಿನೊಳಗೆ, ಹಳೆಯ ಕೆಸರಿನಡಿಯಲ್ಲಿ ಮುರಿದು ಕೂತಿತ್ತು. ಆ ಕಡೆಯ ಸೀಟಿನಲ್ಲಿ ಯಾರಾದರೂ ಕೂತು, ಏರಿನಲ್ಲಿ ಕಾರು ವಾಲಿ, ಚಕ್ರ ಪೂರ್ತಿ ತಿರುಗಿದಾಗ ಮುರಿದ ತುದಿ ಬಟ್ಟಲಿನ ಅಂಚಿನಿಂದ ಜಾರಿ ಹಾರುತ್ತಿತ್ತು. ಅದೇ ಟಪ್. ಇನ್ನೊಂದು ಮೂರು ಬೆರಳಷ್ಟು ಜಾರಿದ್ದರೆ ಅದರ ಮೊನೆ ಟೈರನ್ನೇ ಸೀಳುತ್ತಿತ್ತು. ಕಂಬದಣ್ಣ ಎರಡೂ ಕಡೆ ಹೊಸ ಸ್ಪ್ರಿಂಗು ಹಾಕಿದ. ಒಂದು ಕಡೆ ಮಾತ್ರ ಬದಲಾಯಿಸಿದರೆ ಕಾರು ಕುಂಟುತ್ತದೆ. ಹಾಕುವಾಗ, ಭಾನುವಾರ ಕಿತ್ತು ಮೂಲೆಗೆ ಎಸೆದಿದ್ದ ಜಾಯಿಂಟಿನ ಕಡೆ ಒಂದೆರಡು ಸಲ ನೋಡಿದ. ಹರಿದ ಅಂಗಿ ಕಂಡು ಕಳ್ಳನೆಂದವರ ಮುಖ ಹೇಗಿರುತ್ತದೋ ಹಾಗಿತ್ತು ಅವನದು.

ಅಂಗಳದ ಸುತ್ತು ಈ ಸಲ ಅವನು ಕೇಳಲಿಲ್ಲ. "ನಡಿ" ಎಂದು ತಾನೇ ಮುಂದಿನ ಬಾಗಿಲು ತೆಗೆದ. ಓಣಿಯ ಏರನ್ನು ಐದು ಸಲ ಹತ್ತಿದರು. ಸ್ಪ್ರಿಂಗು ಐದು ಸಲವೂ ಸುಮ್ಮನಿತ್ತು. ಕಂಬದಣ್ಣ ಮೂರು ಸಲ ಸುಮ್ಮನಿರಲಿಲ್ಲ.

ಸಂಜೆ ಐದಕ್ಕೆ ಇಬ್ಬರೂ ಟೀಚರಮ್ಮನ ಮೇಜಿನ ಮುಂದೆ ನಿಂತಿದ್ದರು. ಮುರಿದ ಉಕ್ಕಿನ ತುಂಡನ್ನು ಕಂಬದಣ್ಣ ಹಳೆಯ ಪೇಪರಿನ ಮೇಲೆ ಇಟ್ಟ. ಅರ್ಧ ಬಳೆಯಂತೆ ಬಾಗಿದ, ಕಿರುಬೆರಳಿಗಿಂತ ಸ್ವಲ್ಪ ದಪ್ಪನೆಯ ತುಂಡು.

"ಇಷ್ಟೇನಾ?" ಟೀಚರಮ್ಮ ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. "ಹಾಗಾದ್ರೆ ಸ್ಪ್ರಿಂಗ್ ಮುರಿದದ್ದು. ಭಾರಕ್ಕೆ."

"ಮುರಿದ ಕಡೆ ನೋಡಿ ಅಮ್ಮ. ಮುಟ್ಟಿ ನೋಡಿ."

ಅವರು ಬೆರಳಾಡಿಸಿದರು. ತುದಿ ಕಂದು ಬಣ್ಣಕ್ಕೆ ತಿರುಗಿ, ಪದರು ಪದರಾಗಿ ಉದುರುತ್ತಿತ್ತು.

"ನಿನ್ನೆ ಮೊನ್ನೆ ಮುರಿದ್ರೆ ಉಕ್ಕು ಬೆಳ್ಳಗೆ ಹೊಳೀಬೇಕು. ಇಷ್ಟು ತುಕ್ಕು ಹಿಡೀಬೇಕು ಅಂದ್ರೆ ಎರಡು ವರ್ಷ ಬೇಕು. ಕಡಿಮೆ ಅಂದ್ರೂ ಒಂದೂವರೆ."

ಟೀಚರಮ್ಮ ತುಂಡಿನಿಂದ ಕಣ್ಣು ತೆಗೆಯಲಿಲ್ಲ. "ನಾನು ಕಾರು ಹತ್ತಿ ಏಳು ತಿಂಗಳು."

"ಹೌದಮ್ಮ."

"ಹೋಗುವಾಗ ಮಾತ್ರ ಬರ್ತಿತ್ತಲ್ಲ? ಬರುವಾಗ ಯಾಕಿಲ್ಲ?"

"ಹೋಗುವಾಗ ಏರು, ಬರುವಾಗ ಇಳಿಜಾರು. ತಿರುವೂ ಉಲ್ಟಾ ಕಡೆಗೆ. ನಿಮ್ಮ ಜಾಗದಲ್ಲಿ ತರಕಾರಿ ಅಂಗಡಿ ಗಿರಾಕಿ ಕೂತಾಗಲೂ ಬಂತು, ಇವನನ್ನೇ ಕೇಳಿ. ನೀವು ನೀರು ಲೆಕ್ಕಕ್ಕೆ ತಗೊಂಡ್ರಿ, ರಸ್ತೆ ತಗೊಳ್ಳಲಿಲ್ಲ."

ಟ್ಯಾಕ್ಸಿಯವನು ಉಸಿರು ಬಿಗಿಹಿಡಿದಿದ್ದ. ಹತ್ತನೇ ಕ್ಲಾಸಿನ ಫಲಿತಾಂಶದ ದಿನವೂ ಅವನು ಹಾಗೆ ನಿಂತಿರಲಾರ. ಟೀಚರಮ್ಮ ಕಿಟಕಿಯಾಚೆ, ಓಣಿಯ ತುದಿಯ ಕಡೆ ನೋಡಿದರು. ಮನಸ್ಸಿನಲ್ಲೇ ಏನನ್ನೋ ಅಳಿಸಿ ಮತ್ತೆ ಬರೆಯುತ್ತಿದ್ದಂತೆ ಅವರ ಬೆರಳು ಮೇಜಿನ ಮೇಲೆ ಆಡುತ್ತಿತ್ತು. ಸದ್ದು ಅವರಿಗೆ ನೆಪವಾಗಿತ್ತೇ ಎಂಬ ಪ್ರಶ್ನೆ ಕಂಬದಣ್ಣನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡ. ಕಾರಿನ ಸದ್ದು ತೆಗೆಯುವುದಷ್ಟೇ ಅವನ ಕೈಯಲ್ಲಿದ್ದದ್ದು. ವಾರಕ್ಕೆ ಮೂರು ದಿನ ಸೂಜಿಗೆ ಕೈ ಚಾಚಲು ಬೇಕಾದದ್ದನ್ನು ಯಾವ ಅಂಗಡಿಯಿಂದಲೂ ತಂದು ಕೂರಿಸಲಾಗುವುದಿಲ್ಲ. ಅದನ್ನು ಅವರೇ ತಮ್ಮೊಳಗಿನಿಂದ ಹುಡುಕಿ ತೆಗೆಯಬೇಕು.

"ರಸ್ತೆ ಬಿಟ್ಟುಬಿಟ್ಟೆ" ಎಂದರು ಟೀಚರಮ್ಮ ಕೊನೆಗೆ. "ಎಂಟನೇ ಕ್ಲಾಸಿನ ಹುಡುಗರು ಮಾಡೋ ತಪ್ಪು. ಕಿವಿ ಹಿಂಡ್ತಿದ್ದೆ ನಾನು."

ಅವರು ತುಂಡನ್ನು ಪೇಪರಿನಲ್ಲಿ ಸುತ್ತಿ ಕಂಬದಣ್ಣನ ಕೈಗೆ ಕೊಟ್ಟು, ಟ್ಯಾಕ್ಸಿಯವನ ಕಡೆ ತಿರುಗಿದರು.

"ನಾಳೆ ಎಷ್ಟು ಗಂಟೆಗೆ ಬರ್ತೀಯೋ?"

"ಯಾವಾಗಿನ ಹಾಗೆ ಟೀಚರಮ್ಮ, ಏಳೂವರೆಗೆ."

"ಏಳಕ್ಕೆ ಬಾ. ಶನಿವಾರದ್ದು ಬಾಕಿ ಇದೆ, ಹೆಚ್ಚು ಹೊತ್ತು ಹಾಕ್ತಾರೆ."

"ಆರೂವರೆಗೇ ಬರ್ತೀನಿ!"

"ಏಳು ಅಂದೆ. ಹೇಳಿದಷ್ಟು ಮಾಡು."

ಹೊರಗೆ ಬಂದ ಮೇಲೆ ಟ್ಯಾಕ್ಸಿಯವನು ಕಾರಿನ ಬಾಗಿಲು ತೆರೆದು ಹಿಡಿದ. ಕಂಬದಣ್ಣ ಕಾರನ್ನು ನೋಡಿದ, ಓಣಿಯ ಏರನ್ನು ನೋಡಿದ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡ.

"ನೀನು ಹೋಗಪ್ಪ" ಎಂದ. "ಇವತ್ತಿಗೆ ಇಷ್ಟು ಸಾಕು."